ಆರು ವಾರ

"ಬೀಗ ಬಿಚ್ಚುವ ವಿದ್ಯೆಗೆ ಆರು ವಾರ, ನಲವತ್ತು ಹೊನ್ನು,
ಒಬ್ಬ ಗುರು," ಎಂದ ತಾಪಿಯೊ, ಪುಟ ಮಗುಚುತ್ತ.
"ಸರಿ, ಕಳೆಯಿತು. ಕಲಿತೆ. ಮುಂದೆ?"

ಔಲುವಿನಲ್ಲಿ ಮೂರಕ್ಕೇ ಕತ್ತಲು. ಕಿಟಕಿಯಾಚೆ
ಹಿಮ ಗೋರುವ ಗಾಡಿಯ ಹಳದಿ ದೀಪ.

ಇರ್ಮೆಲಿ ದಾಳ ಕೆಳಗಿಡಲಿಲ್ಲ.
ಲಕ್ವ ಹೊಡೆದ ಬಲಗೈಗೆ
ಅಂಗಿಯ ಗುಂಡಿ ಕಲಿಸುತ್ತ ಇದು ಹನ್ನೊಂದನೇ ವಾರ;
ಕತ್ತಿನ ಹತ್ತಿರದವೆರಡು ಇನ್ನೂ ಬಾಕಿ.

"ಹಾಗೆ ದಾಟಿಸಬೇಡ," ಅಂದಳು.
"ನನ್ನ ಕಳ್ಳಿಗೆ ದಿನಕ್ಕೊಂದು ಎಸೆತ ಕೊಡು.
ಸೋತ ದಿನ ಸೋತಳೆಂದೇ ಬರಿ."

ಪಿಜ್ಜಾ ಆರಿತು. ಯಾರೂ ಗೊಣಗಲಿಲ್ಲ.
ಮೂರು. ಏಳು. ಒಂದು. ಮತ್ತೆ ಒಂದು.
ಹತ್ತೊಂಬತ್ತನೇ ದಿನದ ದಾಳ
ಬೆರಳಿಂದ ಜಾರಿ ಮೇಜಿನಡಿ ಉರುಳಿತು;
ಟಾರ್ಚು ಹಿಡಿದು ಬಗ್ಗಿದೆವು, ನಾಲ್ವರೂ.

ನಾಲ್ಕು.

"ಸೋತಳು" ಎಂದು ಅವಳೇ ಬರೆದಳು,
ಎಡಗೈಯಲ್ಲಲ್ಲ.