ದೂರದ ಬೆಟ್ಟ

ಅಡಿಲೇಡಿನ ಮೂರನೇ ಮಹಡಿ, ಕಿಟಕಿಯಿಲ್ಲದ ಕೋಣೆ.
ಎಂಟುನೂರೈವತ್ತು ಕಿಲೋಮೀಟರ್ ಆಚೆ, ಕೂಬರ್ ಪೀಡಿಯಲ್ಲಿ
ಕುರ್ಚಿ ಹಿಂದಕ್ಕೆ ವಾಲುತ್ತದೆ.
ಮಿಲೋರಾಡ್, ಅರವತ್ತೆಂಟು, ತೂಕ ನೂರಾ ನಾಲ್ಕು,
ಗೊರಕೆ ಉಂಟು, ಬಲ ದವಡೆಯ ಕಡೆಯ ಹಲ್ಲು ಕೊಳೆತಿದೆ.
ನಲವತ್ತು ವರ್ಷ ಓಪಲ್ ಹುಡುಕಿ ನೆಲ ಕೊರೆದವನು
ಅಕ್ಕಿಕಾಳಿನಷ್ಟು ಡ್ರಿಲ್ಲಿಗೆ ಹೆದರುತ್ತಾನೆ.
"ಎಲ್ಲಿದ್ದೀರಿ ಡಾಕ್ಟರೇ?" ಎಂದ
ಕ್ಯಾಮೆರಾದೊಳಗೆ ಇಣುಕಿ, ಬಾವಿಗೆ ಬಗ್ಗಿದವನ ಹಾಗೆ.
ಇಲ್ಲೇ ಇದ್ದೇನೆ, ಎಂದೆ.
ಸುಳ್ಳೂ ಅಲ್ಲ, ನಿಜವೂ ಅಲ್ಲ.

ಹೆಸ್ಟರ್ ಔಷಧಿ ಬಿಡುತ್ತಾಳೆ, ಒಂದು ಮಿಲಿ, ಆಮೇಲೆ ಇನ್ನರ್ಧ.
ಅವನ ರೆಪ್ಪೆ ಭಾರವಾಗುವುದು ನನಗೆ ಕಾಣದು;
ಕಾಣುವುದು ಒಂದು ಹಳದಿ ಗೆರೆ,
ಉಸಿರಿಗೊಂದು ಗುಡ್ಡ, ಇಳಿಜಾರು, ಮತ್ತೆ ಗುಡ್ಡ.
ದೂರದ ಬೆಟ್ಟ ನುಣ್ಣಗೆ ಅನ್ನುತ್ತಿದ್ದಳು ನಮ್ಮ ಸೋದರತ್ತೆ,
ಲಾರಿ ಓಡಿಸುವವನನ್ನು ಕಟ್ಟಿಕೊಂಡವಳು.
ಅತ್ತೆ, ಈ ಬೆಟ್ಟ ಮಾತ್ರ ನುಣ್ಣಗಾಗಬಾರದು.

ಕಿವಿಯಲ್ಲಿ ನಾಡಿಗೊಂದು ಪೀಪ್.
ರಕ್ತದಲ್ಲಿ ಆಮ್ಲಜನಕ ಇಳಿದರೆ ಶ್ರುತಿಯೂ ಇಳಿಯುತ್ತದೆ,
ಅಂಕಿ ನೋಡುವ ಮೊದಲೇ ನನ್ನ ಹೊಟ್ಟೆಗೆ ಗೊತ್ತಾಗುತ್ತದೆ.
ತೊಂಬತ್ತೇಳು. ತೊಂಬತ್ತನಾಲ್ಕು.
"ಲೊರೇನ್, ಗದ್ದ ಎತ್ತಿ."
ಮಾತು ಮರುಭೂಮಿ ದಾಟುವಷ್ಟರಲ್ಲಿ
ಅವಳ ಬೆರಳು ಆಗಲೇ ಅಲ್ಲಿತ್ತು.

ಆಮೇಲೆ ಪರದೆ ಸ್ತಬ್ಧ.
ಅರ್ಧ ಏರಿದ ಗುಡ್ಡ, ತೆರೆದೇ ಇದ್ದ ಬಾಯಿ,
ಗಾಳಿಯಲ್ಲಿ ನಿಂತ ಹೆಸ್ಟರಳ ಇಕ್ಕಳ.
ಫೋನಿನ ಗುಂಡಿ ಒತ್ತಿ ಎಣಿಸತೊಡಗಿದೆ.
ಒಂಬತ್ತಕ್ಕೆ ಬಂದಾಗ ತಿಳಿಯಿತು
ಉಸಿರು ಕಟ್ಟಿದ್ದು ನನ್ನದು.

"ಎದೆ ಮೇಲೆ ಕೈ ಇಟ್ಟಿದ್ದೇನೆ," ಲೊರೇನ್ ಫೋನಿನಲ್ಲಿ.
"ಏರಿತು. ಇಳಿಯಿತು.
ಏರಿತು."
ಅವಸರವಿಲ್ಲದ ದನಿ, ಅಂಗಡಿಯಲ್ಲಿ ಚಿಲ್ಲರೆ ಎಣಿಸಿಕೊಟ್ಟಂತೆ.
ಅಷ್ಟು ಹೊತ್ತು ಅವಳ ಅಂಗೈಯೇ ನನ್ನ ಪರದೆ.
ದಾಖಲೆಯಲ್ಲಿ ನಲವತ್ತು ಸೆಕೆಂಡು ಎಂದಿದೆ, ಇರಲಿ.
ಬೆಟ್ಟಗಳು ಮರಳಿ ಬಂದವು ಒಂದರ ಹಿಂದೊಂದು,
ಏನೂ ಆಗದವರ ಹಾಗೆ.

ನಾಲ್ಕಕ್ಕೆ ಅವನು ಎದ್ದು ಕೂತ.
ಬಾಯಿ ತುಂಬ ಹತ್ತಿ. ಹಲ್ಲು ಕೊಡಿ ಎಂದು ಸನ್ನೆ ಮಾಡಿದ.
ಎರಡು ಬೆರಳಲ್ಲಿ ಹಿಡಿದು, ದೀಪಕ್ಕೆ ಒಡ್ಡಿ,
ಮೆಲ್ಲಗೆ ತಿರುಗಿಸಿ ನೋಡಿದ ಕಲ್ಲು ನೋಡುವ ಕಣ್ಣಲ್ಲಿ.
ಆಮೇಲೆ ನನಗೂ ಹಿಡಿದು ತೋರಿಸಿದ, ಪರದೆ ತುಂಬ.

"ಬಣ್ಣ ಇಲ್ಲ," ಅಂದ ಹತ್ತಿಯ ಸಂದಿಯಿಂದ.
"ಇದಕ್ಕೆ ಯಾರೂ ಒಂದು ಡಾಲರೂ ಕೊಡುವುದಿಲ್ಲ."