ಎರಡನೆಯ ಚೀಲ

ಟೌನ್ಸ್‌ವಿಲ್ ಆಸ್ಪತ್ರೆಯ ನೆಲಮಾಳಿಗೆಯಲ್ಲಿ
ಬೆಳಗಿನ ಏಳಕ್ಕೇ ನನ್ನ ಕೆಲಸ ಶುರು.
ಎರಡು ಜೊತೆ ಕೈಗವಸು, ಗಾಜಿನ ಗೂಡು, ಗುಂಯ್‌ಗುಡುವ ಗಾಳಿ.
ಕಂಪ್ಯೂಟರು ಎಂದೋ ಚೀಟಿ ಎತ್ತಿಯಾಗಿದೆ:
ಇವರಿಗೆ ಹೊಸ ಔಷಧ, ಇವರಿಗೆ ಬರಿ ಉಪ್ಪುನೀರು.
ಮೊದಲ ಚೀಲ ಎಲ್ಲರಿಗೂ ಒಂದೇ, ಹಳೆಯ ಮದ್ದು.
ಎರಡನೆಯದಕ್ಕೆ ಮಾತ್ರ ಕಂದು ಮುಸುಕು,
ಒಳಗಿನ ಬಣ್ಣ ಹೊರಗೆ ಬಾಯಿಬಿಡದಂತೆ.

ವೈದ್ಯರಿಗೆ ಗೊತ್ತಿಲ್ಲ.
ಸೂಜಿ ಚುಚ್ಚುವ ಸೆರೈಮಾಗೆ ಗೊತ್ತಿಲ್ಲ.
ಚುಚ್ಚಿಸಿಕೊಳ್ಳುವವರಿಗಂತೂ ಗೊತ್ತಾಗಕೂಡದು.
ಈ ಕಣ್ಣಾಮುಚ್ಚಾಲೆಯಲ್ಲಿ
ಕಣ್ಣು ಬಿಟ್ಟುಕೊಂಡು ಕೂತವಳು ನಾನೊಬ್ಬಳೇ.
ಅದಕ್ಕೇ ರೋಗಿಗಳ ಹತ್ತಿರ ಸುಳಿಯುವಂತಿಲ್ಲ,
ಮುಖದಲ್ಲಿ ಏನಾದರೂ ಕಂಡೀತು ಅಂತ.

ಒಂದು ಮಂಗಳವಾರ ಊಟಕ್ಕೆ ಹೊರಟಾಗ
ಲಿಫ್ಟು ಎರಡು ಮಹಡಿಗಳ ನಡುವೆ ನಿಂತುಬಿಟ್ಟಿತು.
ಜೊತೆಗೆ ಅಗಲ ಟೊಪ್ಪಿಗೆಯ ಒಬ್ಬ ಮುದುಕಿ.
ಮುಂಗೈ ಪಟ್ಟಿಯಲ್ಲಿ ಸೊನ್ನೆ ನಾಲ್ಕು ಒಂದು ಏಳು.
ಬೆಳಗ್ಗೆಯಷ್ಟೇ ಆ ಸಂಖ್ಯೆಯನ್ನು
ನಾನೇ ಅಂಟಿಸಿದ್ದೆ.
ಉಪ್ಪುನೀರು.

ಪಿಯೆರಿನಾ ಬೊರ್ತೋಲಿ, ಇಂಗಮ್ ಊರಿನವಳು.
ಅಪ್ಪ ಇಟಲಿಯಿಂದ ಕಬ್ಬು ಕಡಿಯಲು ಬಂದವನಂತೆ.
ಇವಳು ಇಪ್ಪತ್ತಾರು ವರ್ಷ ಶಾಲೆಯೆದುರು
'ನಿಲ್ಲಿ' ಎಂಬ ದುಂಡು ಹಲಗೆ ಹಿಡಿದು
ಮಕ್ಕಳನ್ನು ರಸ್ತೆ ದಾಟಿಸಿದವಳು.
"ಕಬ್ಬಿನ ಲಾರಿಗಳೂ ನನ್ನ ಮಾತು ಕೇಳ್ತಿದ್ದವು,
ಬಿಸಿಲೊಂದೇ ನಿಲ್ಲಲಿಲ್ಲ ನೋಡು," ಎನ್ನುತ್ತ
ಕಿವಿಯ ಹಿಂದಿನ ಹೊಲಿಗೆ ತೋರಿಸಿದಳು.
ಅಲ್ಲೊಂದು ಮಚ್ಚೆಯಿತ್ತಂತೆ,
ಗಂಡ ಅದನ್ನು ಎಳ್ಳು ಎನ್ನುತ್ತಿದ್ದನಂತೆ.

ನನ್ನನ್ನು ಕ್ಯಾಂಟೀನಿನವಳು ಅಂದುಕೊಂಡಳು.
ನಾನೂ ಹೂಂ ಎಂದೆ.

"ನನಗೆ ಸಿಕ್ಕಿರೋದು ನಿಜವಾದದ್ದೇ," ಪಿಸುಗುಟ್ಟಿದಳು,
"ತೋಳೆಲ್ಲ ಬೆಚ್ಚಗಾಗುತ್ತೆ. ಹೋದ ವಾರ ಮೈತುಂಬ ತುರಿಕೆ!
ಸೆರೈಮಾ ಬರೆದುಕೊಂಡಳು."
ಡಿಸೆಂಬರ್. ಮಾವಿನ ಕಾಲ.
ಅವಳ ಉಗುರಿನ ಸಂದಿಯಲ್ಲಿ ಸೊನೆಯ ಕಪ್ಪು.
ಹತ್ತೊಂಬತ್ತು ನಿಮಿಷ
ಲಿಫ್ಟಿನ ಗುಂಡಿಗಳನ್ನೇ ಎಣಿಸಿದೆ.

ಆ ರಾತ್ರಿ ಮನೆಯ ಹಿಂದೆ
ಕರ್ಲ್ಯೂ ಹಕ್ಕಿ ಹೆಂಗಸಿನಂತೆ ಅತ್ತಿತು.
ಇಲ್ಲಿ ಅದು ದಿನವೂ ಅಳುತ್ತದೆ, ಅರ್ಥವೇನಿಲ್ಲ.
ಉಪ್ಪು ತಿಂದವರು ನೀರು ಕುಡಿಯಬೇಕು, ಸರಿ.
ಎರಡನ್ನೂ ಬೆರೆಸಿ ನರಕ್ಕೆ ಕಳಿಸುವ ಕೈ
ಏನು ಕುಡಿಯಬೇಕು?

ಸೊನ್ನೆ ನಾಲ್ಕು ಎರಡು ಎರಡು,
ಬಂದರಿನಲ್ಲಿ ಕ್ರೇನು ಓಡಿಸುವವನು.
ಅವನಿಗೆ ಬಿದ್ದದ್ದು ಹೊಸ ಔಷಧ;
ಮುಖ ನೋಡದೆಯೂ ಒಳಗೊಳಗೇ ಹಿಗ್ಗಿದ್ದೆ.
ನಾಲ್ಕು ಸಲ ಚೀಲ ಕಟ್ಟಿದೆ.
ಐದನೆಯ ಸಲಕ್ಕೆ ಪಟ್ಟಿಯಲ್ಲಿ ಒಂದು ಸಾಲು ಕಡಿಮೆ.
ನೆಲಮಾಳಿಗೆಗೆ ಸುದ್ದಿ ಬರುವುದು ಹೀಗೆಯೇ.

ಎರಡು ವರ್ಷದ ಮೇಲೆ ಮುಸುಕು ತೆಗೆದರು.
ಎಲ್ಲರಿಗೂ ಕಾಗದ ಹೋಯಿತು:
ಹೊಸ ಔಷಧ ಉಪ್ಪುನೀರಿಗಿಂತ ಹೆಚ್ಚೇನೂ ಮಾಡಲಿಲ್ಲ.

ಕಾಗದ ಹಿಡಿದು, ದಾರಿ ಕೇಳಿಕೊಂಡು
ನನ್ನ ಕಿಟಕಿಗೇ ಬಂದಳು ಪಿಯೆರಿನಾ.
"ನೂರಾ ಹತ್ತು ಕಿಲೋಮೀಟರು! ಉಪ್ಪುನೀರಿಗೆ!
ನಮ್ಮೂರ ಪಕ್ಕ ಸಮುದ್ರವೇ ಇದೆಯಲ್ಲೇ!"
ಆಮೇಲೆ ನನ್ನ ಎದೆಯ ಬಿಲ್ಲೆ ಓದಿದಳು. ಫಾರ್ಮಸಿ.
"ಅವತ್ತೂ ಗೊತ್ತಿತ್ತಾ?"
"ಗೊತ್ತಿತ್ತು."
ಅಂಗೈ ಎತ್ತಿದಳು, ಲಾರಿಗೆ ಎತ್ತುವಂತೆ.
ನಿಂತೆ.
ಬಹಳ ಹೊತ್ತು.
ಯಾವ ಮಕ್ಕಳು ದಾಟುತ್ತಿದ್ದರೋ ನಮ್ಮ ನಡುವೆ.

ಕೈ ಇಳಿಸಿ, ಚೀಲದಿಂದ ಜಾಡಿಯೊಂದನ್ನು ತೆಗೆದಳು,
ಹಿತ್ತಲ ಹಸಿ ಆಲಿವ್ ಕಾಯಿ.
"ನಲವತ್ತು ದಿನ. ದಿನಾ ಉಪ್ಪುನೀರು ಬದಲಿಸು,
ಕಹಿ ಬಿಡಬೇಕು. ಮುಂಚೆಯೇ ಬಾಯಿಗೆ ಹಾಕಬೇಡ."
ಕಂಕುಳಲ್ಲಿ ಹೊಸ ಗಂಟು ಎದ್ದಿದೆಯೆಂದೂ
ಬ್ರಿಸ್ಬೇನಿನ ಇನ್ನೊಂದು ಪ್ರಯೋಗಕ್ಕೆ ಹೆಸರು ಕೊಟ್ಟಿರುವೆನೆಂದೂ
ಹೋಗುತ್ತ ಹೇಳಿದಳು,
ಬಸ್ಸಿನ ಸಮಯ ಹೇಳಿದ ಹಾಗೆ.

ಇವತ್ತಿಗೆ ಹದಿಮೂರನೆಯ ದಿನ.
ನೀರು ಚೆಲ್ಲಿ, ಉಪ್ಪು ಅಳೆದು ಹಾಕಿದೆ.
ಜಾಡಿಗೆ ಮುಸುಕಿಲ್ಲ.
ನಿಯಮ ಮುರಿದು ಒಂದನ್ನು ಕಚ್ಚಿದೆ.
ಕಹಿ.