ಇತರೆ

ವ್ಯಾನ್ ಫೀಸಿನ ಪುಸ್ತಕದ ಕೊನೆಯ ಹಾಳೆ.
ಮುಂದಿನಿಂದ ಮಕ್ಕಳ ಹೆಸರು, ಬಾಕಿ, ಸಹಿ.
ಹಿಂದಿನಿಂದ ಇಪ್ಪತ್ತಾರಡಿ ಉದ್ದ, ಹತ್ತಡಿ ಅಗಲ,
ಗೇಟಿನಿಂದ ತಗಡಿನ ಶೆಡ್ಡಿನವರೆಗೆ.

ಗಾಡಿಕೊಪ್ಪದಲ್ಲಿ ಸೈಟು ಕೊಂಡಾಗ
ಹಿಂದೆ ಇದು ಗದ್ದೆಯೆಂದು ಯಾರೂ ಹೇಳಲಿಲ್ಲ.
ಮೊದಲ ಜೂನಿನಲ್ಲಿ ಓಮ್ನಿಯೇ ಹೇಳಿತು
ಹಿಂದಿನ ಚಕ್ರ ಅರ್ಧ ಹೂತು.
ನಮ್ಮ ಗೇಟಿನಲ್ಲೇ ಹತ್ತುವ ಮೂರು ಮಕ್ಕಳು
ಬ್ಯಾಗು ಒಳಗೆಸೆದು ತಳ್ಳಿದವು,
ಬಿಳಿ ಶೂ ಕೆಂಪಾಗಿ
ಸಂಜೆ ತಾಯಂದಿರ ಫೋನು.

ಆಮೇಲೆ ಜಲ್ಲಿ. ವರ್ಷಕ್ಕೊಂದು ಲೋಡು, ಮೂರು ವರ್ಷ.
ಉಂಡವರು ಎಲೆ ಮಡಚಿದ ಹಾಗೆ
ಮಣ್ಣು ಸುಮ್ಮನೆ ಮುಚ್ಚಿಕೊಂಡಿತು.
ಹಾಲೇಶ ಅಂದ, ‘ಇನ್ನೊಂದು ಲೋಡು ಹಾಕಿದ್ರೆ...’
ನಾನು ನೋಡಿದೆ. ಅವನು ಕಾಫಿ ಕುಡಿದ.

ಭದ್ರಾವತಿಯಿಂದ ಬಂದ ಪೆರುಮಾಳ್ ಮೇಸ್ತ್ರಿ
ಟೇಪು ಹಿಡಿಯುವ ಮುಂಚೆ ಒಂದು ಚೊಂಬು ನೀರು ಕೇಳಿದರು.
ಕುಡಿಯಲಿಕ್ಕೆಂದು ಕೊಟ್ಟೆ.
ನೆಲಕ್ಕೆ ಸುರಿದು, ಕುಕ್ಕರುಗಾಲಲ್ಲಿ ಕೂತು,
ಅದು ಎತ್ತ ಹೋಗುತ್ತದೆಂದು ನೋಡುತ್ತಾ ಕೂತರು.
ನೀರು ಪಕ್ಕದ ಜುಬೇದಾ ಅವರ ಮೆಟ್ಟಿಲ ಕಡೆ ಹೊರಟಿತ್ತು.
‘ಸಿಮೆಂಟಿನ ಲೆಕ್ಕ ಆಮೇಲೆ ಅಕ್ಕಾ,
ಮೊದಲು ಇದರ ಲೆಕ್ಕ.’

ನಾಲ್ಕಿಂಚಾದರೆ ಇಪ್ಪತ್ತು ಚೀಲ,
ಐದಿಂಚಾದರೆ ಇಪ್ಪತ್ತೈದು.
ಅಂದರೆ ನನ್ನ ಅಂಗಳದಲ್ಲಿ
ಒಂದು ಇಂಚಿಗೆ ಐದು ಚೀಲದ ಬೆಲೆ.
ಅಡಿಗೆ ಬೋಲ್ಡರು, ಮೇಲೆ ಎಂ-ಸ್ಯಾಂಡು, ಇಪ್ಪತ್ತು ಎಂಎಂ ಜಲ್ಲಿ,
ಮಿಕ್ಸರಿನ ಬಾಡಿಗೆ, ಆಳು, ಆಳಿನ ಊಟ.
ಒಟ್ಟು ನಲವತ್ತೆಂಟು ಸಾವಿರ.
ಚೀಟಿ ಎತ್ತಿದ್ದು ಇಪ್ಪತ್ತೆರಡು.

ಇನ್ನೊಂದು ಲೆಕ್ಕ ಯಾವ ಮೇಸ್ತ್ರಿಗೂ ಗೊತ್ತಿಲ್ಲ:
ಕಾಂಕ್ರೀಟು ಹಾಕಬೇಕಾದ್ದು ಏಪ್ರಿಲ್, ಮೇ.
ಶಾಲೆಗೆ ರಜೆ. ಫೀಸು ಇಲ್ಲ.
ವ್ಯಾನಿನ ಎಫ್‌ಸಿ, ಇನ್ಶೂರೆನ್ಸು ಅದೇ ತಿಂಗಳು.
ದುಡ್ಡು ಬರುವ ತಿಂಗಳಲ್ಲಿ ಮಳೆ,
ಮಳೆ ಬಾರದ ತಿಂಗಳಲ್ಲಿ ದುಡ್ಡಿಲ್ಲ.
ಹಾಕಿದ ಮೇಲೂ ದಿನಾ ನೀರು ಕುಡಿಸಬೇಕು,
ಬೇಸಿಗೆಯ ನಲ್ಲಿಯೋ ದಿನ ಬಿಟ್ಟು ದಿನ.

ರಾತ್ರಿ ಬ್ಯಾಟರಿ ಹಿಡಿದು ವ್ಯಾನಿನ ಕೆಳಗೆ ಕೂತೆ.
ಟೈರಿಂದ ಟೈರಿಗೆ ನಾಲ್ಕಡಿ.
ವ್ಯಾನು ತುಳಿಯುವುದು ಎರಡೇ ಗೆರೆ,
ಉಳಿದದ್ದಕ್ಕೆ ನಾನೇಕೆ ಸಿಮೆಂಟು ಉಡಿಸಬೇಕು?
ಎರಡಡಿಯ ಎರಡು ಪಟ್ಟಿ, ನಡುವೆ ಮಣ್ಣು.
ಹತ್ತು ಚೀಲ. ಹತ್ತೊಂಬತ್ತು ಸಾವಿರದ ಚಿಲ್ಲರೆ.
ಪೆರುಮಾಳ್ ತಲೆ ಕೆರೆದುಕೊಂಡರು.
‘ನೀರು ನಡುವೆ ಇಂಗುತ್ತೆ. ಪಕ್ಕದ ಮನೆಗೂ ಒಳ್ಳೆಯದು.
ಆದರೆ ಪಟ್ಟಿ ಐದಿಂಚೇ ಇರಲಿ.’

ಸುಣ್ಣದ ಪುಡಿಯಲ್ಲಿ ಗೆರೆ ಎಳೆದರು.
ಎದುರು ಮನೆಯ ಶ್ರಾವ್ಯಾ
‘ಆಂಟಿ, ನಿಮ್ಮನೆಗೆ ರೈಲು ಬರುತ್ತಾ?’ ಅಂದಳು.
ತಡ ಆದ್ರೂ ಬರುತ್ತೆ ಅಂದೆ.

ಗೆರೆಯ ಮೇಲೆ ರಿವರ್ಸ್ ತೆಗೆದುಕೊಂಡೆ, ಪರೀಕ್ಷೆಗೆ.
ಹದಿನಾಲ್ಕು ವರ್ಷ ಸ್ಟೀರಿಂಗು ಹಿಡಿದ ಕೈ.
ಇಳಿದು ನೋಡಿದರೆ ಎಡಗಡೆಯ ಟೈರು
ಸುಣ್ಣದ ಗೆರೆಯಿಂದ ಗೇಣು ಆಚೆ.
ಮತ್ತೊಮ್ಮೆ ತೆಗೆದೆ. ಈ ಸಲ ಬಲಗಡೆಯದು.
ಹಾಲೇಶ ಮಾತಾಡಲಿಲ್ಲ, ಪುಣ್ಯಾತ್ಮ.

ಎರಡೂವರೆ ಅಡಿ ಹಾಕಿ ಎಂದೆ.
ಹದಿಮೂರು ಚೀಲ. ಇಪ್ಪತ್ತನಾಲ್ಕು ಸಾವಿರ.
ಎರಡು ಕಮ್ಮಿ.

ಮೇಸ್ತ್ರಿ ನನ್ನ ಪುಸ್ತಕ ತಿರುಗಿಸಿಕೊಂಡು ಓದಿದರು.
‘ಕೊನೆಗೆ “ಇತರೆ” ಅಂತ ಒಂದು ಬರೀರಿ ಅಕ್ಕಾ.
ಎಲ್ಲರ ಮನೆಯಲ್ಲೂ ಅದೇ ಜಾಸ್ತಿ ಆಗೋದು.’

ಬರೆದಿದ್ದೇನೆ. ಎದುರಿಗೆ ಅಂಕಿ ಹಾಕಿಲ್ಲ.
ಪೆನ್ನು ಅಲ್ಲೇ ಇಟ್ಟು
ಹಾಳೆಗಳನ್ನು ಮುಂದಕ್ಕೆ ತಿರುವುತ್ತಾ ಹೋದೆ,
ಯಾರ ಮನೆಯ ಮಾರ್ಚ್ ಬಾಕಿ ಇದೆ ಅಂತ.